ಭರಮಣ್ಣ ಓದಿದ ಹೆಜ್ಜೆ

ಬಹಳ ಹಿಂದೆ, ನಿಮ್ಮ ಅಜ್ಜನ ಅಜ್ಜ ಅಂಬೆಗಾಲಿಡುತ್ತಿದ್ದನೋ ಇಲ್ಲವೋ ಆ ಕಾಲಕ್ಕೆ, ಕರಿಮಡ್ಡಿ ಅಂತ ಒಂದು ಊರು. ಆ ಊರಿಗೆ ಭರಮಣ್ಣ ಅಂತ ಒಬ್ಬ ತಳವಾರ. ಊರು ಕಾಯುವುದು, ಕಳ್ಳನನ್ನು ಹಿಡಿಯುವುದು ಅವನ ಕೆಲಸ. ಊರಿಗೊಬ್ಬ ತಳವಾರ ಇರುವುದು ಪದ್ಧತಿ. ಆದರೆ ಸುತ್ತಿನ ನಾಲ್ಕು ಊರಿನ ತಳವಾರರು ಒಬ್ಬೊಬ್ಬರಾಗಿ ತೀರಿಕೊಂಡರು. ಹೊಸಬರನ್ನು ನೇಮಿಸುವ ಗೊಡವೆಗೆ ಯಾರೂ ಹೋಗಲಿಲ್ಲ, ಭರಮಣ್ಣ ಇದ್ದಾನಲ್ಲ ಅಂದರು. ಹೀಗೆ ಐದೂರಿಗೆ ಅವನೊಬ್ಬನೇ ಆದ. ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೇ.

ಹೆಜ್ಜೆ ಓದುವುದರಲ್ಲಿ ಅವನಂಥವನು ಇರಲಿಲ್ಲವಂತೆ. ನೆಲ ನೋಡಿ, ಹೋದವಳು ಬಸುರಿ, ಗಂಡನ ಮೇಲೆ ಮುನಿಸಿಕೊಂಡು ಹೊರಟಿದ್ದಾಳೆ ಅನ್ನುತ್ತಿದ್ದನಂತೆ. ಇರುವೆ ಹರಿದದ್ದು ನೋಡಿ, ಯಾರ ಮನೆಯ ಬೆಲ್ಲ ತಿಂದಿದೆ ಅಂತಲೂ ಹೇಳುತ್ತಿದ್ದನಂತೆ. ನಾನೇನು ಕಂಡಿಲ್ಲ, ಹೇಳುವವರು ಹೇಳುತ್ತಾರೆ.

ಒಂದು ವರ್ಷ ಉತ್ತರಿ ಮಳೆ ಬಿದ್ದು ಹೊಲ ಹದಕ್ಕೆ ಬಂದಿತ್ತು. ಎರಿ ಹೊಲ ಅಂದರೆ ಕಪ್ಪು ಮಣ್ಣಿನದು, ಅದರ ಹದ ಮೂರು ದಿನದ್ದು. ಅಷ್ಟರಲ್ಲಿ ಜೋಳ ಬಿತ್ತದಿದ್ದರೆ ವರ್ಷವಿಡೀ ಒಲೆ ಹೊತ್ತುವುದಿಲ್ಲ. ಅಂಥ ಹೊತ್ತಿನಲ್ಲಿ ಸಂಕವ್ವ ಅನ್ನುವ ಒಂಟಿ ಹೆಂಗಸಿನ ಎರಡೂ ಎತ್ತು ಕಳುವಾದವು. ಬೆಳಿಗ್ಗೆ ಎದ್ದು ನೋಡಿದರೆ ಗೂಟ ಮಾತ್ರ ಇದ್ದವು.

ನಮ್ಮ ಜನ ಒಳ್ಳೆಯವರು, ಅದೇ ತೊಂದರೆ. ಸಂಕವ್ವ ಅತ್ತದ್ದು ಕೇಳಿ ಊರಿಗೆ ಊರೇ ಸಮಾಧಾನ ಹೇಳಲು ಅಂಗಳಕ್ಕೆ ನುಗ್ಗಿತು. ಭರಮಣ್ಣ ಬಂದು ನೋಡುತ್ತಾನೆ, ಕಳ್ಳನ ಹೆಜ್ಜೆಯ ಮೇಲೆ ಇನ್ನೂರು ಜನರ ಹೆಜ್ಜೆ. ಅವನು ತಲೆಯ ಮೇಲೆ ಕೈ ಹೊತ್ತು ಕುಳಿತನಂತೆ.

ಆಮೇಲೆ ಎದ್ದು ಚಾವಡಿಯ ಮುಂದೆ ಕೆಸರು ಕಲಸಿಸಿದ. ಎಲ್ಲರೂ ಬರಿಗಾಲಲ್ಲಿ ಒಬ್ಬೊಬ್ಬರಾಗಿ ಇದರ ಮೇಲೆ ನಡೆಯಬೇಕು ಅಂದ. ಊರಿನ ಗೌಡರು ಮುಖ ಕೆಂಪಗೆ ಮಾಡಿಕೊಂಡು, ನಾನೇನು ಕಳ್ಳನೇ ಅಂದರು.

"ಹಿಡಿಯಾಕಲ್ರೀ ಗೌಡ್ರ, ನಿಮ್ಮನ್ನ ಬಿಡಾಕ" ಅಂದನಂತೆ ಭರಮಣ್ಣ.

ಗೌಡರು ನಡೆದರು. ಕೂಸುಗಳೂ ನಡೆದವು. ಅಷ್ಟೂ ಪಾದ ಮನಸ್ಸಿನಲ್ಲಿಟ್ಟುಕೊಂಡು ಭರಮಣ್ಣ ಅಂಗಳಕ್ಕೆ ಹೋದ. ಇದು ಗೌಡರದು, ಇದು ಪೂಜಾರಿಯದು ಅಂತ ಒಂದೊಂದನ್ನೇ ಬಿಡುತ್ತ ಬಂದ. ಗೂಟದ ಹತ್ತಿರ ಒಂದು ಹೆಜ್ಜೆ ಉಳಿಯಿತು. ಎಡಗಾಲು ತುಸು ಎಳೆದದ್ದು, ಊರಿನ ಯಾರದೂ ಅಲ್ಲ.

ಅದನ್ನು ಹಿಡಿದು ಹೊರಟ. ಆಗಿನ ಕಟ್ಟಳೆ ಏನೆಂದರೆ, ಸೀಮೆಯ ಕಲ್ಲಿನ ಬಳಿ ಈ ಊರಿನ ತಳವಾರ ಆ ಊರಿನವನಿಗೆ ಹೆಜ್ಜೆ ಒಪ್ಪಿಸಬೇಕು. ಎರಡೂ ಕಡೆ ಇವನೇ. ಆದರೂ ಭರಮಣ್ಣ ಕಲ್ಲಿನ ಬಳಿ ಕೋಲು ಇಟ್ಟು "ಒಪ್ಪಿಸೇನಿ" ಅನ್ನುತ್ತಿದ್ದ. ದಾಟಿ ನಿಂತು, ಕೋಲು ಎತ್ತಿಕೊಂಡು "ಒಪ್ಪಿಕೊಂಡೇನಿ" ಅನ್ನುತ್ತಿದ್ದ. ನಾಲ್ಕು ಸೀಮೆಯಲ್ಲೂ ಹೀಗೇ ಮಾಡಿದನಂತೆ. ಹಿಂದೆ ಹೋದವರು ನಕ್ಕರೂ ಅವನು ನಗಲಿಲ್ಲ.

ಐದನೆಯ ಊರಿನಲ್ಲಿ ಲಗಮಪ್ಪ ಅನ್ನುವವನು ಹಾಡುಹಗಲೇ ಸಂಕವ್ವನ ಎತ್ತು ಹೂಡಿ ತನ್ನ ಹೊಲ ಬಿತ್ತುತ್ತಿದ್ದ. ಅವನ ಎತ್ತು ಆ ವಾರವೇ ಸತ್ತಿದ್ದವು. ಭರಮಣ್ಣನನ್ನು ಕಂಡು ಓಡಲಿಲ್ಲ, ಕೂರಿಗೆ ಬಿಟ್ಟು ಕೈಮುಗಿದು ನಿಂತ. ಬಿತ್ತಿದ ಮೇಲೆ ಬಿಟ್ಟುಬರುತ್ತಿದ್ದೆ ಅಂದ. ಅವನನ್ನು ಕಟ್ಟಿ ಒಯ್ಯಿರಿ ಅಂತ ಜನ ಕೂಗಿದರು. ಕಟ್ಟಿ ಒಯ್ದರೆ ವಿಚಾರಣೆ ಆಗುವವರೆಗೆ ಕಳ್ಳನೂ ಚಾವಡಿಯಲ್ಲಿ, ಎತ್ತೂ ಚಾವಡಿಯಲ್ಲಿ. ಸಂಕವ್ವನ ಹದ ಯಾರಿಗೆ ಕಾಯುತ್ತದೆ?

ಭರಮಣ್ಣ ಅವನನ್ನು ಎತ್ತಿನ ಜೊತೆ ನೇರ ಸಂಕವ್ವನ ಹೊಲಕ್ಕೆ ನಡೆಸಿದ. ಲಗಮಪ್ಪ ಕೂರಿಗೆ ಹಿಡಿದ, ಸಂಕವ್ವ ಕಾಳು ಬಿಟ್ಟಳು. ಹದದ ಎರಡನೆಯ ದಿನ ಹೊತ್ತು ಮುಳುಗುವುದರೊಳಗೆ ಅವಳ ಹೊಲ ಮುಗಿಯಿತು. ಆಗ ಸಂಕವ್ವ ಎತ್ತಿನ ಹಗ್ಗ ಅವನ ಕೈಯಲ್ಲೇ ಬಿಟ್ಟು, "ಉಳದ ನಿನ್ನ ಹೊಲಾನೂ ಮುಗಿಸಿಕೊಂಡು ನಾಳೆ ಹೊಡಕೊಂಡು ಬಾರಪ್ಪ. ಈ ಸಲ ನಾನ ಕೊಟ್ಟ ಕಳಸಾಕತ್ತೇನಿ" ಅಂದಳಂತೆ. ಲಗಮಪ್ಪ ಅಲ್ಲೇ ಕುಳಿತು ಅತ್ತುಬಿಟ್ಟ. ಮರುದಿನ ಎತ್ತು ಮೈತೊಳೆಸಿಕೊಂಡು ಮನೆಗೆ ಬಂದವು.

ಈಗ ಆ ಐದೂರಿಗೆ ದೂರದಲ್ಲೊಂದು ಠಾಣೆ ಇದೆ, ಒಂದು ಜೀಪು ಇದೆ. ಅದು ಬಂದಾಗ ಬಂತು. ಹೆಜ್ಜೆ ಓದುವವರು ಯಾರೂ ಉಳಿದಿಲ್ಲ. ಆದರೂ ಹಿಂಗಾರಿ ಬಿತ್ತುವ ಮೊದಲ ದಿನ ಐದೂರಿನ ಜನ ಕರಿಮಡ್ಡಿಯ ಚಾವಡಿಯ ಮುಂದೆ ಕೆಸರು ಕಲಸಿ, ಚಪ್ಪಲಿ ಬಿಟ್ಟು, ಅದರ ಮೇಲೆ ನಡೆದೇ ಹೊಲಕ್ಕೆ ಹೋಗುತ್ತಾರೆ. ಎಲ್ಲರಿಗಿಂತ ಮೊದಲು ನಡೆಯುವವರು ಲಗಮಪ್ಪನ ಮನೆತನದವರು. ಅವರು ಬರುವ ತನಕ ಉಳಿದವರು ಕಾಯುತ್ತಾರೆ.