ಯಾರ ಹೊಲ?

ಅಡಿವೆಪ್ಪ ಎಂಬ ಶಿಷ್ಯನಿಗೆ ಒಂದು ಅಭ್ಯಾಸವಿತ್ತು. ಗುರುಗಳ ಕೋಣೆಗೆ ಬರುವ ಮುನ್ನ ಹೊಸ್ತಿಲ ಬಳಿ ನಿಂತು ಫೋನಿನ ಸದ್ದನ್ನು ತಗ್ಗಿಸುತ್ತಿದ್ದ. ಪೂರ್ತಿ ನಿಲ್ಲಿಸುತ್ತಿರಲಿಲ್ಲ. ಒಳಗೆ ಬಂದು ಕೂತ ಮೇಲೂ ಅವನ ಮಡಿಲಿನಲ್ಲಿ ಯಾರೋ ಸಣ್ಣ ದನಿಯಲ್ಲಿ ಜಗಳವಾಡುತ್ತಲೇ ಇರುತ್ತಿದ್ದರು. ಗುರುಗಳು ಅದರ ಬಗ್ಗೆ ಎಂದೂ ಏನೂ ಹೇಳಿರಲಿಲ್ಲ.

ಆ ಸಂಜೆಯೂ ಹಾಗೆಯೇ ಬಂದು ಕೂತ. ನಮಸ್ಕರಿಸಿ ಕೇಳಿದ:

"ಗುರುಗಳೇ, ಪಟ್ಟಣದ ಒಂದು ಮೆರವಣಿಗೆಯಲ್ಲಿ ಯಾರೋ ಖುಷಿಗೆ ಗುಂಡು ಹಾರಿಸಿದರು. ನೋಡುತ್ತ ನಿಂತಿದ್ದ ಒಬ್ಬರು ಸತ್ತರು. ಅಂದಿನಿಂದ ಟೀವಿಯಲ್ಲಿ, ಫೋನಿನಲ್ಲಿ ಅದೇ ಚರ್ಚೆ. ಆ ಗುಂಡಿನ ಸದ್ದನ್ನು ದಿನಕ್ಕೆ ಎಷ್ಟು ಸಲ ಕೇಳಿಸುತ್ತಾರೋ ಅವರಿಗೇ ಗೊತ್ತಿಲ್ಲ. ಬಂದೂಕನ್ನೇ ನಿಷೇಧಿಸಬೇಕು ಎನ್ನುತ್ತಾರೆ ಕೆಲವರು. ಬಂದೂಕು ಇರಲಿ, ಗುಂಡು ಮಾರುವುದನ್ನು ನಿಲ್ಲಿಸಿ ಎನ್ನುತ್ತಾರೆ ಇನ್ನು ಕೆಲವರು. ಎರಡೂ ಬೇಡ, ತಪ್ಪು ಮಾಡಿದವನನ್ನು ಶಿಕ್ಷಿಸಿ ಎನ್ನುವವರೂ ಇದ್ದಾರೆ. ನಾನು ಒಂದು ಚರ್ಚೆಯನ್ನೂ ಬಿಡದೆ ಕೇಳಿದ್ದೇನೆ. ಆದರೂ ತಿಳಿಯಲಿಲ್ಲ. ಯಾರ ಮಾತು ಸರಿ?"

ಗುರುಗಳಿಗೆ ವಯಸ್ಸಾಗಿತ್ತು. ಎದ್ದು ನಡೆಯಲು ಆಗುತ್ತಿರಲಿಲ್ಲ. ಅವರ ದನಿಯೂ ಕೋಣೆಯನ್ನು ದಾಟುತ್ತಿರಲಿಲ್ಲ.

"ಹತ್ತಿರ ಬಾ" ಎಂದರು. ಅಡಿವೆಪ್ಪ ಸರಿದು ಕೂತ. ಗುರುಗಳು ಹೇಳತೊಡಗಿದರು.

ಕಾಡಿನ ಅಂಚಿನಲ್ಲಿ ಒಂದು ಊರಿತ್ತು. ಹೊಲಗಳು ಕಾಡಿಗೆ ತಾಗಿಕೊಂಡಿದ್ದವು. ಹೊತ್ತು ಇಳಿದರೆ ಹಂದಿಗಳು ಬರುತ್ತಿದ್ದವು. ಅದಕ್ಕಾಗಿ ಮನೆಗೊಂದು ಕೋವಿ ಇತ್ತು.

ಕೋವಿಯ ಜೊತೆಗೆ ಒಂದು ಕಟ್ಟಳೆಯೂ ಇತ್ತು. ಗುಂಡಿನ ಸದ್ದು ಕೇಳಿದವರು ಎಲ್ಲೇ ಇರಲಿ, ಏನೇ ಮಾಡುತ್ತಿರಲಿ, ಆ ದಿಕ್ಕಿಗೆ ತಿರುಗಿ "ಯಾರ ಹೊಲ?" ಎಂದು ಕೂಗಬೇಕು. ಗುಂಡು ಹಾರಿಸಿದವರು ಹೊಲದ ಹೆಸರು ಹೇಳಿ ಓಗೊಡಬೇಕು. "ಹುಣಸೆಹೊಲ! ಹಂದಿ!" ಎಂದು ಉತ್ತರ ಬಂದರೆ ಎಲ್ಲರೂ ತಮ್ಮ ಕೆಲಸಕ್ಕೆ ಮರಳಬಹುದು. ಉತ್ತರ ಬಾರದಿದ್ದರೆ ಓಡಬೇಕು. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಓಡಬೇಕು, ಎದುರಿಗೆ ನೆಂಟರು ಎಲೆ ಹಾಕಿಕೊಂಡು ಕೂತಿದ್ದರೂ ಓಡಬೇಕು. ಕಟ್ಟಳೆ ಮಾಡಿದವರು ಯಾರೆಂದು ಯಾರಿಗೂ ತಿಳಿಯದು. ಅದು ಕೋವಿಯಷ್ಟೇ ಹಳೆಯದು.

ಒಂದು ಸಂಜೆ ರಾಗಿ ಪೈರು ಅಲುಗಿತು. ಹೊಲದವನು ಹಂದಿಯೆಂದು ಗುಂಡು ಹಾರಿಸಿದ. ಅದು ಹಂದಿಯಲ್ಲ, ತಪ್ಪಿಸಿಕೊಂಡ ಕರುವನ್ನು ಹುಡುಕುತ್ತ ಬಂದ ಇನ್ನೊಬ್ಬ ರೈತ. "ಯಾರ ಹೊಲ?" ಎಂದು ಊರು ಕೂಗಿತು. ಗುಂಡು ಹಾರಿಸಿದವನ ಬಾಯಿಂದ ಮಾತು ಹೊರಡಲಿಲ್ಲ. ಊರು ಓಡಿತು. ಬಿದ್ದವನಿಗೆ ಇನ್ನೂ ಜೀವವಿತ್ತು. ನೀರು ಕುಡಿದ. "ಕರು ಸಿಕ್ಕಿತೇ?" ಎಂದು ಕೇಳಿದ. "ಸಿಕ್ಕಿತು" ಎಂದರು. ಸಿಕ್ಕಿರಲಿಲ್ಲ. ಅವನು ಅವರೆಲ್ಲರ ಕೈಗಳ ನಡುವೆ ಸತ್ತ.

ಸುದ್ದಿ ಪೇಟೆಗೆ ಮುಟ್ಟಿತು. ಪೇಟೆಯಿಂದ ಒಬ್ಬ ಡಂಗುರದವನು ಬಂದ. ಅವನ ಬಳಿ ದೊಡ್ಡ ನಗಾರಿ ಇತ್ತು. ಸಂಜೆ ಊರ ಕಟ್ಟೆಯ ಮೇಲೆ ನಿಂತು ನಡೆದುದನ್ನು ಹೇಳಿದ. ಚೆನ್ನಾಗಿ ಹೇಳಿದ. ಗುಂಡು ಹಾರುವಲ್ಲಿಗೆ ಬಂದಾಗ ಮಾತು ನಿಲ್ಲಿಸಿದ. ಕೋಲನ್ನು ಮೇಲೆತ್ತಿ ಸ್ವಲ್ಪ ಹೊತ್ತು ಹಾಗೇ ಹಿಡಿದ. ಆಮೇಲೆ ಬಾರಿಸಿದ. ಢಂ! ಥೇಟ್ ಕೋವಿಯದೇ ಸದ್ದು. ಎಲ್ಲರೂ ಬೆಚ್ಚಿದರು. ಅಭ್ಯಾಸಬಲದಿಂದ ಕೆಲವರು "ಯಾರ ಹೊಲ?" ಎಂದುಬಿಟ್ಟರು. ಡಂಗುರದವನು ನಕ್ಕ. ಕೂಗಿದವರೂ ನಾಚಿಕೊಂಡು ನಕ್ಕರು.

ಮರುದಿನ ಸಂಜೆಯೂ ಜನ ಸೇರಿದರು. ಅವನು ಮತ್ತೆ ಹೇಳಿದ, ಮತ್ತೆ ಬಾರಿಸಿದ. ಅದರ ಮರುದಿನವೂ ಅಷ್ಟೆ. ಸತ್ತವನು ದಿನವೂ ಸತ್ತ. ಅವನ ಕರುವಿನ ಬಗ್ಗೆ ಮಾತ್ರ ಯಾರೂ ಕೇಳಲಿಲ್ಲ.

ಮುಂದೆ ಹೀಗಾಗದಿರಲು ಏನು ಮಾಡಬೇಕು ಎಂಬ ಮಾತು ಹುಟ್ಟಿತು. ಅರಮನೆ ಆಜ್ಞೆ ಹೊರಡಿಸಬೇಕೆಂದು ಎಲ್ಲರೂ ಒಪ್ಪಿದರು. ಯಾವ ಆಜ್ಞೆ ಎಂಬುದನ್ನು ಒಪ್ಪಲಿಲ್ಲ.

"ಕೋವಿಗಳನ್ನೆಲ್ಲ ಅರಮನೆಗೆ ಒಪ್ಪಿಸಿಬಿಡಿ" ಎಂದ ಒಬ್ಬ ಪಂಡಿತ.

"ಹಂದಿಗಳಿಗೆ ತಾವು ಪುರಾಣ ಓದಿ ಬುದ್ಧಿ ಹೇಳುತ್ತೀರಾ ಸ್ವಾಮಿ?" ಎಂದ ಒಬ್ಬ ರೈತ. ಜನ ನಕ್ಕರು.

"ಕೋವಿ ಇರಲಿ. ಗುಂಡು ಮಾರುವುದು ನಿಲ್ಲಲಿ" ಎಂದ ಒಬ್ಬ ಕುಂಬಾರ.

ಗುಂಡು ಮಾರುವ ವ್ಯಾಪಾರಿ ಎದ್ದು ನಿಂತ. "ಗುಂಡಿಲ್ಲದ ಕೋವಿ ಒನಕೆಗೆ ಸಮ. ಒನಕೆಯಿಂದಲೂ ಜನ ಸತ್ತಿದ್ದಾರೆ. ಒನಕೆಯನ್ನೂ ನಿಷೇಧಿಸಿ ಹಾಗಾದರೆ!"

"ಒಪ್ಪಿಸಿಬಿಡುತ್ತೇವೆ ಸಾವ್ಕಾರರೇ" ಎಂದಳು ಹಿಂದೆ ಕೂತಿದ್ದ ಒಬ್ಬ ಹೆಂಗಸು. "ನಾಳೆಯಿಂದ ತಾವೇ ಬಂದು ಹಲ್ಲಿನಲ್ಲಿ ಭತ್ತ ಸುಲಿದು ಕೊಡಿ."

ಎಲ್ಲರ ಮಾತಿನಲ್ಲೂ ಸತ್ಯವಿತ್ತು. ಸತ್ಯವಿದ್ದುದರಿಂದಲೇ ಯಾರೂ ಎದ್ದು ಹೋಗಲಿಲ್ಲ.

ಪಂಡಿತನನ್ನು ಕೆಣಕಿದ ಆ ರೈತನ ಮಾತು ಜನಕ್ಕೆ ಹಿಡಿಸಿತು. ಡಂಗುರದವನು ಅವನನ್ನು ಮುಂದಿನ ಸಾಲಿಗೆ ಕರೆದು ಕೂರಿಸಿದ. ರೈತ ಒಂದು ಮಾತನ್ನು ಕಟ್ಟಿಕೊಂಡಿದ್ದ. "ಕೋವಿಗೆ ಕಣ್ಣಿಲ್ಲ, ಕಿವಿಯಿಲ್ಲ. ಹಿಡಿದ ಕೈಯನ್ನು ಕೇಳಿ" ಎನ್ನುತ್ತಿದ್ದ. ಜನ ಆ ಮಾತಿಗಾಗಿ ಕಾಯುತ್ತಿದ್ದರು. ಅವನೂ ಕಾಯುತ್ತಿದ್ದ. ಅವನ ಸ್ವಂತ ಕೋವಿ ಮನೆಯ ಬಾಗಿಲ ಹಿಂದೆ ನಿಂತಿತ್ತು. ಅದರ ನಳಿಗೆಯನ್ನು ಒರೆಸಿ ಬಹಳ ದಿನಗಳಾಗಿದ್ದವು.

ಅವನ ಹೆಂಡತಿ ಕಟ್ಟೆಗೆ ಹೋಗುತ್ತಿರಲಿಲ್ಲ. ಸಂಜೆ ನಗಾರಿಯ ಸದ್ದು ಕೇಳಿದೊಡನೆ ಅಂಗಳಕ್ಕೆ ಬಂದು "ಯಾರ ಹೊಲ?" ಎಂದು ಕೂಗುತ್ತಿದ್ದಳು. ಯಾರೂ ಓಗೊಡುತ್ತಿರಲಿಲ್ಲ. ಸ್ವಲ್ಪ ಹೊತ್ತು ನಿಂತು, ಕಟ್ಟೆಯ ಗದ್ದಲ ಕೇಳಿಸಿಕೊಂಡು, ಒಳಗೆ ಹೋಗುತ್ತಿದ್ದಳು. ಮರುದಿನ ಮತ್ತೆ ಬಂದು ಕೂಗುತ್ತಿದ್ದಳು.

ಕಟ್ಟೆಯಲ್ಲಿ ಇದು ತಮಾಷೆಯಾಯಿತು. "ನಿನ್ನ ಹೆಂಡತಿ ನಗಾರಿಗೂ ಹೊಲ ಯಾವುದೆಂದು ಕೇಳುತ್ತಾಳಲ್ಲಯ್ಯ! ನಾಳೆ ಗುಡುಗಿದರೆ ಗುಡುಗಿನ ಹೊಲವನ್ನೂ ಕೇಳಿಯಾಳು."

ರೈತ ಮನೆಗೆ ಬಂದು ಹೇಳಿದ: "ಅದು ನಗಾರಿ ಕಣೇ. ಊರಿಗೆಲ್ಲ ಗೊತ್ತು, ನಿನಗೊಬ್ಬಳಿಗೆ ಗೊತ್ತಾಗುವುದಿಲ್ಲವೇ?"

"ಗೊತ್ತು ಕಣ್ರೀ. ಆದರೂ ಒಂದು ಸಲ ಕೂಗಿದರೆ ಬಾಯಿ ಸವೆಯುತ್ತದೆಯೇ?"

"ಬಾಯಿ ನಿನ್ನದು. ತಲೆ ತಗ್ಗಿಸುವವನು ನಾನು."

ಅವಳು ಮರುದಿನದಿಂದ ಕೂಗಲಿಲ್ಲ. ಆ ಊರಿನಲ್ಲಿ ಕೂಗುವವರು ಆಮೇಲೆ ಯಾರೂ ಉಳಿಯಲಿಲ್ಲ.

ಗುರುಗಳು ಇಷ್ಟು ಹೇಳುವಾಗ ಢಂ ಎಂದು ಒಂದು ಸದ್ದಾಯಿತು. ಗುರುಗಳು ಮಾತು ನಿಲ್ಲಿಸಿದರು. ಅಡಿವೆಪ್ಪ ಬೆಚ್ಚಿಬಿದ್ದು ಮಡಿಲಿಗೆ ಕೈಹಾಕಿ, ಫೋನಿನ ಗುಂಡಿಯನ್ನು ಒತ್ತಿ ಸದ್ದನ್ನು ಇನ್ನಷ್ಟು ತಗ್ಗಿಸಿದ.

"ಕ್ಷಮಿಸಿ ಗುರುಗಳೇ. ಅದನ್ನೇ ಮತ್ತೆ ಮತ್ತೆ ಹಾಕುತ್ತಾರೆ."

ಗುರುಗಳು ಬಾಗಿಲ ಕಡೆ ನೋಡಿದರು. ಆಮೇಲೆ ಅವನನ್ನು ನೋಡಿದರು. ಕಾದರು.

"ಆಮೇಲೆ ಏನಾಯಿತು?" ಎಂದು ಅವನು ಕೇಳಿದ.

ಗುರುಗಳು ಇನ್ನೂ ಸ್ವಲ್ಪ ಕಾದರು. ಆಮೇಲೆ ಮುಂದುವರಿಸಿದರು.

ಸಂಜೆಯ ಹೊತ್ತು ಹೊಲದಲ್ಲಿ ಯಾರೂ ಇರುವುದಿಲ್ಲವೆಂದು ಹಂದಿಗಳಿಗೆ ತಿಳಿಯಿತು. ಅವು ಬೆಳಕಿರುವಾಗಲೇ ಇಳಿಯತೊಡಗಿದವು. ರೈತನ ಕೆರೆಹಿಂದಿನ ಹೊಲದಲ್ಲಿ ಅರ್ಧ ಪೈರು ನೆಲಕ್ಕೆ ಬಿತ್ತು. "ಇವತ್ತು ಹೋಗುತ್ತೇನೆ" ಎಂದು ಅವನು ಬೆಳಿಗ್ಗೆ ಹೇಳುತ್ತಿದ್ದ. ಸಂಜೆ ಕಟ್ಟೆಗೆ ಹೋಗುತ್ತಿದ್ದ. ವರ್ಷದ ಅನ್ನ ಹೋಗುತ್ತಿದೆ ಎಂದು ಹೆಂಡತಿ ಎರಡು ಸಲ ಹೇಳಿದಳು. ಮೂರನೆಯ ಸಲ ಹೇಳಲಿಲ್ಲ. ಬಾಗಿಲ ಹಿಂದಿನ ಕೋವಿಯನ್ನು ತೆಗೆದುಕೊಂಡಳು. ಗಂಡ ಮಾಡುತ್ತಿದ್ದುದನ್ನು ನೋಡಿ ಬಲ್ಲವಳು, ಹಾಗೆಯೇ ನಳಿಗೆಯ ಹಿಂಬದಿಯಿಂದ ಗುಂಡು ತುಂಬಿದಳು. ನಳಿಗೆಯ ಬಾಯೊಳಗೆ ಕಣಜದ ಹುಳು ಮಣ್ಣಿನ ಗೂಡು ಕಟ್ಟಿದ್ದುದು ಅವಳಿಗೆ ಕಾಣಲಿಲ್ಲ. ಹೊಲಕ್ಕೆ ಹೋದಳು.

ಅದೇ ಹೊತ್ತಿಗೆ ಕಟ್ಟೆಯಲ್ಲಿ ಡಂಗುರದವನು ಗುಂಡು ಹಾರುವಲ್ಲಿಗೆ ಬಂದಿದ್ದ. ಮಾತು ನಿಲ್ಲಿಸಿದ. ಕೋಲನ್ನು ಮೇಲೆತ್ತಿದ. ಜನ ಉಸಿರು ಬಿಗಿಹಿಡಿದರು.

ಸದ್ದು ಬಂತು. ದಿನವೂ ಬೆಚ್ಚುವ ಹಾಗೆ ಎಲ್ಲರೂ ಬೆಚ್ಚಿದರು.

ಕೋಲು ಇನ್ನೂ ಗಾಳಿಯಲ್ಲಿತ್ತು.

ಡಂಗುರದವನು ತನ್ನ ಕೈಯನ್ನು ನೋಡಿದ. ಮುಂದಿನ ಸಾಲಿನಲ್ಲಿ ಕೂತಿದ್ದ ರೈತನೂ ಅದನ್ನು ನೋಡಿದ. ಇಬ್ಬರ ಕಣ್ಣುಗಳು ಕೂಡಿದವು. ನಗಾರಿಯ ಚರ್ಮ ಅಲುಗಿರಲಿಲ್ಲ. ರೈತನ ಬಾಯಿ ತೆರೆಯಿತು. ಕಟ್ಟಳೆಯ ಹಳೆಯ ಕೂಗು ಅವನ ನಾಲಿಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಕೋಲು ಇಳಿಯಿತು. ಢಂ!

"ಇವತ್ತು ಎರಡು ಸಲ ಬಾರಿಸಿದ" ಎಂದು ಯಾರೋ ಮೆಚ್ಚಿಕೊಂಡರು.

ಡಂಗುರದವನು ರೈತನತ್ತ ಕೈಮಾಡಿ, "ಈಗ ನಮ್ಮ ರೈತರು ಹೇಳಲಿ" ಎಂದ. ಎಲ್ಲರೂ ಅವನ ಕಡೆ ತಿರುಗಿದರು. ಅವನು ಎದ್ದು ನಿಂತ. "ಕೋವಿಗೆ ಕಣ್ಣಿಲ್ಲ, ಕಿವಿಯಿಲ್ಲ" ಎಂದ. ಆ ದಿನ ಅವನು ಎಂದಿಗಿಂತ ಚೆನ್ನಾಗಿ ಮಾತಾಡಿದ. ಜನ ಬಹಳ ಹೊತ್ತು ಏಳಲಿಲ್ಲ.

ಮನೆಗೆ ಬಂದಾಗ ಒಲೆ ಆರಿತ್ತು. ಬಾಗಿಲ ಹಿಂದೆ ಕೋವಿ ಇರಲಿಲ್ಲ. ಅವನು ದೀಪ ಹಿಡಿದು ಓಡಿದ.

ಹೆಂಡತಿ ಹೊಲದ ಬದುವಿಗೆ ಒರಗಿ ಕೂತಿದ್ದಳು. ಮಣ್ಣು ಕಟ್ಟಿದ್ದ ಕೋವಿಯ ನಳಿಗೆ ಸಿಡಿದು ಹೂವಿನ ಹಾಗೆ ಬಿಚ್ಚಿಕೊಂಡಿತ್ತು. ಎಡತೋಳು ಹರಿದಿತ್ತು. ಅವಳು ಸೆರಗನ್ನು ಹರಿದು ತೋಳಿಗೆ ಸುತ್ತಿಕೊಂಡಿದ್ದಳು. ಬಟ್ಟೆಯ ಒಂದು ತುದಿ ಬಲಗೈಯಲ್ಲಿತ್ತು, ಇನ್ನೊಂದು ಹಲ್ಲಿನಲ್ಲಿತ್ತು. ಗಂಟು ಬಿಗಿಯಲು ಇನ್ನೊಂದು ಕೈ ಬೇಕಿತ್ತು. ಅಷ್ಟೇ ಬೇಕಿತ್ತು. ಅವಳು ಕೂಗಿಯೂ ಇರಬಹುದು. ಕಟ್ಟೆಯ ಗದ್ದಲದಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಮೈ ತಣ್ಣಗಾಗಿತ್ತು. ಮುಖ ಊರಿನ ಕಡೆಗಿತ್ತು. ಯಾರೋ ಏನೋ ಕೇಳುತ್ತಾರೆ ಎಂದು ಕಾಯುತ್ತಿರುವವಳ ಹಾಗೆ ಕಂಡಳು.

ಮರುದಿನ ಸಂಜೆ ಡಂಗುರದವನು ಅವಳ ಕತೆಯನ್ನು ಹೇಳಿದ. ಅಕ್ಕಪಕ್ಕದ ಊರುಗಳಿಂದಲೂ ಜನ ಬಂದಿದ್ದರು. ಕೂರಲು ಜಾಗವಿರಲಿಲ್ಲ. ರೈತನಿಗೆ ಮಾತ್ರ ಮುಂದಿನ ಸಾಲಿನಲ್ಲಿ ಜಾಗ ಇಟ್ಟಿದ್ದರು. ಗುಂಡು ಹಾರುವಲ್ಲಿಗೆ ಬಂದಾಗ ಕೋಲು ಮೇಲೆದ್ದಿತು. ಈ ಸಲ ಕೋಲು ಬಿದ್ದ ಮೇಲೆಯೇ ಸದ್ದು ಬಂತು.

ರೈತ ಎದ್ದು ನಿಂತ. ನಗಾರಿಗೆ ಬೆನ್ನು ಹಾಕಿದ. ಹೊಲದ ಕಡೆ ತಿರುಗಿ, ಎರಡೂ ಕೈಗಳನ್ನು ಬಾಯಿಗೆ ಹಿಡಿದು, ಇದ್ದಷ್ಟು ಉಸಿರಿನಿಂದ ಕೂಗಿದ:

"ಯಾರ ಹೊಲ?"

ಯಾರೂ ನಗಲಿಲ್ಲ. ಕಟ್ಟೆ ನಿಶ್ಶಬ್ದವಾಯಿತು. ಆಗ ಹೊಲದ ಕಡೆಯಿಂದ ಒಂದು ಹೆಣ್ಣುದನಿ ಓಗೊಟ್ಟಿತು. ದಣಿದ ದನಿ. ಅದು ಬಯ್ಯಲಿಲ್ಲ, ಅಳಲಿಲ್ಲ. ಹೊಲದ ಹೆಸರನ್ನಷ್ಟೇ ಹೇಳಿತು.

"ಕೆರೆಹಿಂದಿನ ಹೊಲ."

ಎಲ್ಲರಿಗೂ ಕೇಳಿಸಿತು. ರೈತ ಜನರನ್ನು ದಾಟಿಕೊಂಡು ಹೊರಟ. ಉಳಿದವರು ಏಳಲಿಲ್ಲ. ಉತ್ತರ ಬಂದರೆ ಯಾರೂ ಓಡಬೇಕಿಲ್ಲ ಎಂಬುದೇ ಕಟ್ಟಳೆಯಲ್ಲವೇ?

"ಪ್ರತಿಧ್ವನಿ" ಎಂದ ಪಂಡಿತ.

"ಪ್ರತಿಧ್ವನಿ ಹೊಲದ ಹೆಸರು ಹೇಳುತ್ತದೆಯೇ ಸ್ವಾಮಿ? ಅದು ದೆವ್ವ" ಎಂದ ವ್ಯಾಪಾರಿ.

ಡಂಗುರದವನು ಇಬ್ಬರನ್ನೂ ಮುಂದಕ್ಕೆ ಕರೆದ. ಚರ್ಚೆ ಶುರುವಾಯಿತು. ರೈತ ಹಿಂತಿರುಗಲಿಲ್ಲವೆಂಬುದು ಆ ಸಂಜೆ ಯಾರ ಗಮನಕ್ಕೂ ಬರಲಿಲ್ಲ.

ಗುರುಗಳು ಇಲ್ಲಿಗೆ ಕತೆಯನ್ನು ನಿಲ್ಲಿಸಿದರು.

ಅಡಿವೆಪ್ಪ ಕೇಳಿದ: "ಕೊನೆಗೆ ಅರಮನೆ ಯಾವುದನ್ನು ನಿಷೇಧಿಸಿತು ಗುರುಗಳೇ? ಕೋವಿಯನ್ನೋ, ಗುಂಡನ್ನೋ?"

ಗುರುಗಳು ಬಾಗಿಲ ಕಡೆ ತಿರುಗಿದರು. ಕೋಣೆ ತೀರಾ ಸದ್ದಿಲ್ಲದಂತಾಯಿತು. ತನ್ನ ಮಡಿಲಿನ ದನಿಗಳೂ ಕೇಳಿಸುತ್ತಿಲ್ಲವೆಂದು ಅವನಿಗೆ ಆಗ ಅರಿವಾಯಿತು. ಫೋನನ್ನು ಎತ್ತಿ ನೋಡಿದ. ಪರದೆ ಕಪ್ಪಾಗಿತ್ತು. ಒತ್ತಿದ. ಬೆಳಗಲಿಲ್ಲ. ಚಾರ್ಜ್ ಮುಗಿದಿತ್ತು. ಯಾವಾಗ ಮುಗಿಯಿತೋ ತಿಳಿಯಲಿಲ್ಲ. ಆಗ ಢಂ ಎಂಬ ಸದ್ದು ಬಂದಾಗ, ತಾನು ಗುಂಡಿಯನ್ನು ಒತ್ತಿದಾಗ, ಅದು ಇನ್ನೂ ಮಾತಾಡುತ್ತಿತ್ತೇ? ನೆನಪಿಸಿಕೊಳ್ಳಲು ನೋಡಿದ. ಆಗಲಿಲ್ಲ. ತಲೆಯೆತ್ತಿದ.

ಗುರುಗಳು ಬಾಗಿಲ ಕಡೆ ನೋಡುತ್ತಿದ್ದರು.

"ಹೊರಗೆ ಹೋಗಿ ಒಂದು ಸಲ ಕೂಗಿ ಬಾ, ಅಡಿವೆಪ್ಪ."