ಕಾಯಿಲ್‌ಗೆ ಎಷ್ಟು ಬೇಕು

ಮೂರು ಲಕ್ಷ ಎಪ್ಪತ್ತು ಸಾವಿರಕ್ಕೆ ಮಾತು ಮುಗಿದಿತ್ತು. ಷರತ್ತು ಒಂದೇ: ಭಾನುವಾರ ಗಿರಾಕಿ ತಾನೇ ಕೂತು ಕಾರನ್ನು ಹರಿಹರದಿಂದ ಹೊಸಪೇಟೆಗೆ ಓಡಿಸುತ್ತಾನೆ. ದಾರಿಯಲ್ಲಿ ಒಮ್ಮೆ ನಿಂತರೂ ವ್ಯಾಪಾರ ಇಲ್ಲ.

ಅರವತ್ತು ವರ್ಷದ ಆ ಕಾರನ್ನು ಗುಜರಿಯಿಂದ ತಂದು ಎರಡು ವರ್ಷ ದುಡಿದವನು ಚನ್ನವೀರ. ಹೆಂಡತಿಯ ಸರವೂ ಅದರೊಳಗೇ ಸೇರಿಹೋಗಿತ್ತು.

ಗುರುವಾರ ಕಾರು ಅರ್ಧ ಗಂಟೆ ಓಡಿ ನಿಂತಿತು. ಇಂಜಿನ್ನಿಗೆ ಕಿಡಿ ಕೊಡುವ ಕಾಯಿಲ್ ಮುಟ್ಟಿದರೆ ಬೆರಳು ಸುಡುವಂತಿತ್ತು. ಹೊಸದು ಹಾಕಿದ. ಶುಕ್ರವಾರ ಅದೂ ಸುಟ್ಟುಹೋಯಿತು.

ಶನಿವಾರ ಕಾರನ್ನು ಎಳೆಸಿಕೊಂಡು ಹೊಳೆದಂಡೆಗೆ, ದಾದಾಪೀರ್ ಉಸ್ತಾದರ ಶೆಡ್ಡಿಗೆ ಬಂದ. ಅವನು ಕೆಲಸ ಕಲಿತದ್ದು ಅಲ್ಲೇ.

ಉಸ್ತಾದರು ಬಾನೆಟ್ ಎತ್ತಿ ಒಂದು ಗಳಿಗೆ ನೋಡಿದರು. ಕಾಯಿಲ್‌ಗೆ ಕರೆಂಟು ಹೋಗುವ ದಾರಿಯಲ್ಲಿ ಬಿಳಿ ಪಿಂಗಾಣಿ ತುಂಡೊಂದು ಇರಬೇಕಿತ್ತಲ್ಲ, ಎಲ್ಲಿ ಎಂದು ಕೇಳಿದರು.

ಕಿತ್ತು ಹಾಕಿದೆ ಅಂದ ಚನ್ನವೀರ. "ಬ್ಯಾಟರಿಲಿ ಹನ್ನೆರಡು ವೋಲ್ಟು, ಕಾಯಿಲ್ ಹತ್ರ ಏಳೇ ಏಳು. ಆ ತುಂಡು ನಡುವೆ ಕೂತು ಐದು ವೋಲ್ಟು ತಿಂತಿತ್ತು ಉಸ್ತಾದ್. ನೇರ ತಂತಿ ಎಳೆದೆ. ನನ್ನ ಕಾರು ಯಾಕೆ ಅರೆಹೊಟ್ಟೆಲಿರಬೇಕು?"

"ಹೊಸ ಅಳಿಯನಿಗೆ ಬಡಿಸಿದ ಹಾಗೆ ಬಡಿಸಿದ್ದೀಯಪ್ಪ," ಎಂದು ಉಸ್ತಾದರು ಸ್ಟೇರಿಂಗ್ ಹಿಡಿದು ಕೂತರು. "ತಳ್ಳು."

ಚನ್ನವೀರ ಹೆಗಲು ಕೊಟ್ಟ. ಕತ್ತಿನ ನರ ಉಬ್ಬಿತು, ಕಾರು ಕದಲಿತು. ಕದಲಿದ ಮೇಲೆ ಒಂದೇ ಕೈಗೆ ಉರುಳತೊಡಗಿತು.

"ಯಾಕೆ ಸಡಿಲ ಬಿಟ್ಟೆ? ಮೊದಲಿನಷ್ಟೇ ಜೋರಾಗಿ ತಳ್ಳು."

ತಳ್ಳಿದ. ನೂರು ಹೆಜ್ಜೆಗೆ ಏದುಸಿರು ಬಂತು. ಇನ್ನಿಪ್ಪತ್ತಕ್ಕೆ ನೆಲದಲ್ಲೇ ಕೂತುಬಿಟ್ಟ.

"ಕಾರು ಕೆಟ್ಟಿತೇನೋ?"

"ಕಾರಿಗೇನಾಗಿದೆ ಉಸ್ತಾದ್, ಕೆಟ್ಟವನು ನಾನು."

"ಕಾಯಿಲ್ಲು ಮೂರು ದಿನದಿಂದ ಅದನ್ನೇ ಹೇಳ್ತಿತ್ತು."

ಉಸ್ತಾದರು ಡಬ್ಬಿ ತಡಕಿ ಒಂದು ಪಿಂಗಾಣಿ ತುಂಡು, ಒಂದು ಕಾಯಿಲ್ ಕೊಟ್ಟರು. ಹೇಗೆ ಜೋಡಿಸಬೇಕೆಂದು ಬೆರಳಲ್ಲೇ ತೋರಿಸಿದರು: ಸೆಲ್ಫ್ ಹೊಡೆಯುವಷ್ಟು ಹೊತ್ತು ಬ್ಯಾಟರಿಯಲ್ಲಿ ಇದ್ದಷ್ಟೂ ವೋಲ್ಟು ಹೋಗಲು ಬೇರೆ ತಂತಿ, ಇಂಜಿನ್ ಹಿಡಿದ ಮೇಲೆ ಪಿಂಗಾಣಿಯ ದಾರಿ. ಇಷ್ಟನ್ನೂ ಮೊದಲೇ ಯೋಚಿಸಿ ಕಾರು ಕಟ್ಟಿದ ಅಜ್ಞಾತನಿಗೆ ಚನ್ನವೀರ ಮನಸ್ಸಿನಲ್ಲೇ ಕೈಮುಗಿದ. ಒಂದೇ ನೋಟದಲ್ಲಿ ಅದನ್ನು ಓದಿದ ಉಸ್ತಾದರಿಗೆ ಇನ್ನೊಮ್ಮೆ.

ಭಾನುವಾರ ಗಿರಾಕಿಯ ಪಕ್ಕದಲ್ಲೇ ಕೂತು ಹೋದ. ಕಾರು ಎಲ್ಲೂ ಕೆಮ್ಮಲಿಲ್ಲ. ಹೊಸಪೇಟೆಯಲ್ಲಿ ಗಿರಾಕಿ ಕಾಯಿಲ್ ಮೇಲೆ ಅಂಗೈಯಿಟ್ಟು ನೋಡಿದ, ಕೈ ತೆಗೆಯುವ ಅವಸರ ಬೀಳಲಿಲ್ಲ. ಚೌಕಾಸಿ ಮಾಡದೆ ಹಣ ಎಣಿಸಿದ.

ಸಂಜೆ ಬಸ್ಸಿನಲ್ಲಿ ವಾಪಸಾದ ಚನ್ನವೀರ ಕಟ್ಟನ್ನು ಉಸ್ತಾದರ ಮುಂದಿಟ್ಟು, ನಿಮ್ಮ ಪಾಲು ತಗೊಳ್ಳಿ ಎಂದ.

ಉಸ್ತಾದರು ತಾವು ಕೊಟ್ಟ ಸಾಮಾನಿನ ಬೆಲೆ ಮಾತ್ರ ತೆಗೆದುಕೊಂಡು ಉಳಿದದ್ದನ್ನು ಅವನ ಕಡೆ ಸರಿಸಿದರು.

"ಇದು ಕಾರು ದುಡಿದದ್ದು. ನಿನ್ನ ಗಳಿಕೆ ಆ ತುಂಡು ತಿನ್ನೋ ಐದು ವೋಲ್ಟು."