ಹತ್ತನೆಯ ಗೂಟ

ಹೊಳೆ ಕಡಲಿಗೆ ಸೇರುವ ಕಡೆ, ನೀರಿನ ನಟ್ಟನಡುವೆ ಒಂದು ಮರಳುದಿಬ್ಬವಿತ್ತು. ನೀರು ಇಳಿದಾಗ ಅಲ್ಲಿ ಸೊಂಟದಷ್ಟೇ ಆಳ. ಒಳ್ಳೆಯ ಕಾಣೆ ಮೀನು ಬೇಕೆಂದರೆ ಅಲ್ಲಿಗೇ ಹೋಗಬೇಕು.

ದಡದಿಂದ ನಡೆದು ಹೋಗುವ ಹಾಗಿರಲಿಲ್ಲ. ನಡುವೆ ಆಳವಾದ ಹರಿವು. ಒಬ್ಬರೇ ಕೂರುವ ಪಾತಿದೋಣಿಯಲ್ಲಿ ಅದನ್ನು ದಾಟಿ, ದಿಬ್ಬದ ಬಳಿ ನೀರಿಗಿಳಿದು, ನಿಂತು ಬಲೆ ಬೀಸಬೇಕು.

ದಿಬ್ಬಕ್ಕೆ ಅಡ್ಡವಾಗಿ ಹನ್ನೊಂದು ಗೂಟಗಳು. ಮನೆಗೊಂದು ಗೂಟ. ಗೂಟದ ಬುಡ ಆ ಮನೆಯವರ ಜಾಗ. ಎರಡು ವರ್ಷ ಯಾರೂ ಬಂದು ನಿಲ್ಲದಿದ್ದರೆ, ಮೂರನೆಯ ವರ್ಷ ಸೀಗೆ ಹುಣ್ಣಿಮೆಯ ದಿನ ಮನೆಯವರು ಯಾರಾದರೂ ಅಲ್ಲಿ ನಿಂತು ಒಂದು ಮೀನನ್ನಾದರೂ ಹಿಡಿದು ತೋರಿಸಬೇಕು. ಇಲ್ಲವಾದರೆ ಜಾಗ ಬೇರೆ ಮನೆಗೆ. ಅದು ಊರ ಕಟ್ಟಳೆ.

ಹತ್ತನೆಯ ಗೂಟ ಜಟ್ಟಪ್ಪನದು. ಅವನು ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಎರಡು ವರ್ಷವಾಗಿತ್ತು.

ಹುಣ್ಣಿಮೆಗೆ ನಲವತ್ತು ದಿನ ಇರುವಾಗ ಅವನ ಹೆಂಡತಿ ತುಳಸು ಬೊಮ್ಮಜ್ಜನ ಗುಡಿಸಿಲಿಗೆ ಹೋದಳು. ಊರಿನಲ್ಲಿ ಬಲೆ ಬೀಸುವ ಕೈಗಳಲ್ಲಿ ಅರ್ಧ ಬೊಮ್ಮಜ್ಜ ತಿದ್ದಿದವು. ಅವನ ಮಾತು ಕಡಿಮೆ. ಆಡಿದ ಮಾತು ಅರ್ಥವಾಗಲು ಎರಡು ದಿನ ಬೇಕೆಂದು ಶಿಷ್ಯರು ಗೊಣಗುತ್ತಿದ್ದರು.

"ಅಜ್ಜಾ, ನಂಗೆ ದಿಬ್ಬದ ಮೇಲೆ ಬಲೆ ಬೀಸೂಕೆ ಕಲಿಸಿ."

ಅಜ್ಜ ಬಲೆಯ ಹರಿದ ಕಣ್ಣು ಹೆಣೆಯುತ್ತಿದ್ದ. ತಲೆ ಎತ್ತಲಿಲ್ಲ. ಹೆಂಗಸರು ದಿಬ್ಬದಲ್ಲಿ ನಿಲ್ಲಬಾರದು ಎಂದು ಯಾರೂ ಹೇಳಿರಲಿಲ್ಲ. ನಿಂತದ್ದನ್ನು ಯಾರೂ ನೋಡಿರಲಿಲ್ಲ, ಅಷ್ಟೇ.

"ನಿಂಗೆ ಎಂತ ಬತ್ತದೆ?" ಅಜ್ಜ ಕೇಳಿದ.

"ಸಣ್ಣಿರುವಾಗಿಂದ ದಡದ ನೀರಲ್ಲಿ ಬಳಚು ಚಿಪ್ಪು ಹೆಕ್ಕಿದವಳು ನಾನು. ಅಂಗಾಲಲ್ಲೇ ತಡಕಿ ಚಿಪ್ಪು ಯಾವ್ದು, ಕಲ್ಲು ಯಾವ್ದು ಹೇಳ್ತೆ."

"ಹಾಗಾದ್ರೆ ಅರ್ಧ ಬತ್ತದೆ. ಅದನ್ನ ಮರೀದೇ ಇರೂದು ಕಷ್ಟ."

ಮರೆಯುವುದೇನು ಬಂತು ಎಂದುಕೊಂಡಳು ತುಳಸು. ಆದರೆ ಕಲಿಯಲು ಬಂದಿದ್ದಳು, ಜಗಳಕ್ಕಲ್ಲ.

ಬಲೆ ಬೀಸುವುದನ್ನು ಅಜ್ಜ ಅಂಗಳದಲ್ಲೇ ಕಲಿಸಿದ. ಎಡ ಮೊಣಕೈ ಮೇಲೆ ಒಂದಿಷ್ಟು, ಬಲ ಅಂಗೈಯಲ್ಲಿ ಒಂದಿಷ್ಟು, ಸೊಂಟದಿಂದ ಒಂದು ತಿರುವು. ಹನ್ನೆರಡನೆಯ ದಿನ ಬಲೆ ಗಾಳಿಯಲ್ಲಿ ದುಂಡಗೆ ಅರಳಿ ಬಿತ್ತು. ಅಜ್ಜನ ಆಡು ಅದರೊಳಗೆ ಸಿಕ್ಕಿ ಅರಚಿಕೊಂಡಿತು.

"ಸಾಕು," ಎಂದ ಅಜ್ಜ. "ಇನ್ನು ದೋಣಿ."

ಜಟ್ಟಪ್ಪನ ಪಾತಿದೋಣಿ ಎರಡು ವರ್ಷದಿಂದ ಮನೆಯ ಹಿಂದೆ ಮಗುಚಿ ಬಿದ್ದಿತ್ತು. ತುಳಸು ಅದನ್ನು ಉಜ್ಜಿ ತೊಳೆದು, ಬಿರುಕು ಮುಚ್ಚಿ, ಎಣ್ಣೆ ಹಚ್ಚಿ ನೀರಿಗೆ ಎಳೆದಳು. ಮೊದಲ ದಿನ ನಾಲ್ಕು ಸಲ ಮಗುಚಿಕೊಂಡಳು. ದಡದಲ್ಲಿ ಬಳಚು ಹೆಕ್ಕುತ್ತಿದ್ದ ಅವಳ ಗೆಳತಿಯರೇ ಬಿದ್ದು ಬಿದ್ದು ನಕ್ಕರು. ಐದನೆಯ ಸಲ ಹತ್ತಿ ಕೂತಳು.

ವಾರದಲ್ಲಿ ಹರಿವು ದಾಟಿದಳು. ಹತ್ತನೆಯ ಗೂಟವನ್ನು ಕೈಯಿಂದ ಮುಟ್ಟಿದಾಗ ಅವಳಿಗೆ ಅಳುವೇ ಬಂತು. ಗಂಡ ನಿಲ್ಲುತ್ತಿದ್ದ ಜಾಗವನ್ನು ಅವಳು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಅಂದು ಹತ್ತು ಸಲ ಬಲೆ ಬೀಸಿದಳು. ಹತ್ತು ಸಲವೂ ಬರಿ ಬಲೆ.

"ದೋಣಿ ಎಲ್ಲಿಟ್ಟಿದ್ಯೆ?" ಸಂಜೆ ಅಜ್ಜ ಕೇಳಿದ.

"ಗೂಟಕ್ಕೇ ಕಟ್ಟಿದ್ದೆ."

"ನೀ ಎಲ್ಲಿ ನಿಂತಿದ್ದೆ?"

"ದೋಣೀಲೇ."

"ಹಾಗಾದ್ರೆ ನೀ ದಡ ಬಿಟ್ಟು ಹೋಗ್ಲೇ ಇಲ್ಲ."

ಮಾರನೆಯ ದಿನ ತುಳಸು ನೀರಿಗಿಳಿದಳು. ಆದರೆ ದೋಣಿ ತೇಲಿ ಹೋದರೆ ಏನು ಗತಿ? ಅದರ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡಳು. ಆ ದಿನವೂ ಬರಿ ಬಲೆ. ಅದರ ಮಾರನೆಯ ದಿನವೂ ಅಷ್ಟೇ.

ವಿಷಯ ಕೇಳಿದ ಅಜ್ಜ ಆಡನ್ನು ಎಳೆದು ತಂದ. ಅದರ ಹಗ್ಗದ ಇನ್ನೊಂದು ತುದಿಯನ್ನು ಅವಳ ಸೊಂಟಕ್ಕೆ ಬಿಗಿದ. ಕೈಗೆ ಪೊರಕೆ ಕೊಟ್ಟ.

"ಅಂಗಳ ಗುಡಿಸು."

ಆಡು ಹಲಸಿನ ಸೊಪ್ಪು ಕಂಡಲ್ಲೆಲ್ಲ ಎಳೆಯಿತು. ತುಳಸು ಎಡವಿದಳು, ಬೈದಳು, ಗುಡಿಸಿದ ಕಸವನ್ನು ತಾನೇ ತುಳಿದಳು. ಅಂಗಳ ಮೊದಲಿಗಿಂತ ಕೆಟ್ಟುಹೋಯಿತು. ಅಜ್ಜ ಜಗಲಿಯಲ್ಲಿ ಕೂತು ಎಲೆಯಡಿಕೆ ಜಗಿಯುತ್ತಿದ್ದ.

"ತಿಳೀತು," ಎಂದು ಅವಳು ಹಗ್ಗ ಬಿಚ್ಚಿದಳು.

ಮರುದಿನ ಅವಳು ದೋಣಿಯನ್ನು ದಿಬ್ಬದ ಅಂಚಿನಲ್ಲೇ ನಿಲ್ಲಿಸಿ, ಹಗ್ಗಕ್ಕೆ ಕಟ್ಟಿದ ಲಂಗರುಕಲ್ಲನ್ನು ಇಳಿಬಿಟ್ಟಳು. ಗೂಟದ ತನಕ ನಲವತ್ತು ಹೆಜ್ಜೆ ನೀರಲ್ಲಿ ನಡೆದಳು. ಬಲೆ ಚೆನ್ನಾಗಿಯೇ ಬಿತ್ತು. ಆದರೂ ಮೀನಿಲ್ಲ. ಒಂದು ಸಲ ಬೀಸಿದರೆ ಎರಡು ಸಲ ಹಿಂದೆ ತಿರುಗಿ ದೋಣಿ ನೋಡುತ್ತಿದ್ದಳು. ಕಲ್ಲು ಜಾರಿತೇನೋ, ಹಗ್ಗ ಸವೆಯಿತೇನೋ ಎಂದು ಜೀವ ಹೊಡೆದುಕೊಳ್ಳುತ್ತಿತ್ತು. ಹಾಗೇ ಎರಡು ವಾರ ಕಳೆಯಿತು.

ಹುಣ್ಣಿಮೆಗೆ ಮೂರೇ ದಿನ ಉಳಿಯಿತು.

ಆ ದಿನ ಊಟಕ್ಕೆ ಕೂತಾಗ ಜಟ್ಟಪ್ಪ ಅನ್ನ ಕಲಸುತ್ತ ಹೇಳಿದ.

"ನಿನ್ನೆ ಹಿರಿಯರೆಲ್ಲ ಕೂಡಿದ್ರಂತೆ. ನೀ ಮೀನು ಹಿಡೀದೇ ಹೋದ್ರೆ ನಮ್ಮ ಜಾಗ ಯಾರಿಗೆ ಗೊತ್ತಾ? ಹನ್ನೊಂದನೇ ಗೂಟದವ್ರಿಗೆ."

ಹನ್ನೊಂದನೆಯ ಗೂಟ ಬೊಮ್ಮಜ್ಜನದು. ತುಳಸು ತುತ್ತನ್ನು ತಟ್ಟೆಗೇ ಬಿಟ್ಟಳು.

"ಅಜ್ಜ ಅಲ್ಲಿದ್ರಾ?"

"ಇದ್ದ."

"ಬೇಡ ಅಂದ್ರಾ?"

"ಸುಮ್ನೆ ತಲೆ ಆಡಿಸಿದ್ನಂತೆ."

ಅವಳಿಗೆ ಆಡಿನ ಹಗ್ಗ ನೆನಪಾಯಿತು. ಊರೆಲ್ಲ ನೋಡುವ ಹಾಗೆ ಅಂಗಳ ಗುಡಿಸಿದ್ದು ನೆನಪಾಗಿ ಮೈ ಉರಿಯಿತು. ನಾಳೆಯಿಂದ ಹೋಗಬಾರದು ಎಂದುಕೊಂಡಳು. ಆಮೇಲೆ, ಹೋಗದಿದ್ದರೆ ಜಾಗ ಹೋಗುವುದು ಖಂಡಿತ, ಹೋದರೆ ಖಂಡಿತವಿಲ್ಲ ಎಂದುಕೊಂಡಳು. ಬಲೆ ಹೆಗಲಿಗೆ ಹಾಕಿ ಬೆಳಿಗ್ಗೆಯೇ ಹೊಳೆಗೆ ಬಂದಳು.

ಅಜ್ಜ ತನ್ನ ಪಾತಿಯಲ್ಲಿ ಆಗಲೇ ಕೂತಿದ್ದ.

"ಇವತ್ತು ನಾನೂ ಬತ್ತೆ."

ಅವಳು ಮುಖ ತಿರುಗಿಸಿ ದೋಣಿ ನೂಕಿದಳು. ಮುಂದೆ ಅವಳ ದೋಣಿ, ಹಿಂದೆ ಅವನದು. ದಿಬ್ಬದ ಬಳಿ ಅವಳು ಕಲ್ಲು ಇಳಿಬಿಟ್ಟು, ನೀರಿಗಿಳಿದು, ನಲವತ್ತು ಹೆಜ್ಜೆ ನಡೆದು ಗೂಟದ ಬಳಿ ನಿಂತಳು. ಅಭ್ಯಾಸಬಲದಿಂದ ಹಿಂದೆ ತಿರುಗಿದಳು.

ಅಜ್ಜ ಅವಳ ಲಂಗರುಕಲ್ಲು ಎತ್ತಿ, ಅವಳ ದೋಣಿಯನ್ನು ತನ್ನದರ ಹಿಂದೆ ಕಟ್ಟಿಕೊಂಡು, ಹುಟ್ಟು ಹಾಕುತ್ತ ಹೋಗುತ್ತಿದ್ದ. ತಿರುಗಿಯೂ ನೋಡಲಿಲ್ಲ.

ಹಾಗಾದರೆ ಜಟ್ಟಪ್ಪ ಹೇಳಿದ್ದು ನಿಜ.

ಇಳಿತ ಮುಗಿದಿತ್ತು. ನೀರು ಏರತೊಡಗಿತು. ನಡುವಿನ ಹರಿವನ್ನು ಈಜಿ ದಾಟಿದವರ ಸುದ್ದಿ ಊರಲ್ಲಿ ಇರಲಿಲ್ಲ. ಕೂಗಿದರೆ ಅವನು ಬಂದಾನು. ಕೂಗಿದರೆ ಅವನು ಗೆದ್ದ ಹಾಗೆ. ತುಳಸು ಹಲ್ಲು ಕಚ್ಚಿ ನಿಂತಳು. ಸತ್ತರೂ ಕೂಗುವುದಿಲ್ಲ, ಬರಿಗೈಯಲ್ಲಂತೂ ಇಲ್ಲಿಂದ ಕದಲುವುದಿಲ್ಲ.

ದೋಣಿ ಇಲ್ಲದ ಮೇಲೆ ನೋಡುವುದಕ್ಕೇನೂ ಉಳಿದಿರಲಿಲ್ಲ. ಅವಳು ಬಲೆ ಬೀಸಿದಳು. ಬಲೆ ದುಂಡಗೆ ಬಿತ್ತು, ಅಂಚಿನ ಸೀಸದ ಗುಂಡುಗಳು ಮರಳಿಗೆ ತಾಗಿದವು. ಯಾವಾಗಲೂ ಹಾಗೆಯೇ ಎಳೆದುಬಿಡುತ್ತಿದ್ದಳು. ಇಂದು ಎಳೆಯುವ ಆತುರ ಬರಲಿಲ್ಲ. ಎಳೆದುಕೊಂಡು ಹೋಗುವುದಾದರೂ ಎಲ್ಲಿಗೆ?

ಮೆಲ್ಲಗೆ ಬಲೆಯ ಮೇಲೆ ಕಾಲಿಟ್ಟಳು. ಬಳಚು ಹೆಕ್ಕುವಾಗ ಇಡುವ ಹಾಗೆ, ಮೊದಲು ಹೆಬ್ಬೆರಳು, ಆಮೇಲೆ ಅಂಗಾಲು. ಮರಳು. ಮರಳು. ಒಂದು ಚಿಪ್ಪು. ಮತ್ತೆ ಮರಳು.

ಆಮೇಲೆ ಮರಳಿನಡಿ ಏನೋ ಮಿಸುಕಿತು.

ಬಲೆ ಬಿದ್ದ ಸದ್ದಿಗೆ ಕಾಣೆ ಓಡುವುದಿಲ್ಲ, ಮರಳಿನೊಳಗೆ ಹೂತುಕೊಳ್ಳುತ್ತದೆ. ಆತುರದಲ್ಲಿ ಎಳೆದರೆ ಬಲೆ ಅದರ ಮೇಲೆಯೇ ಜಾರಿ ಖಾಲಿ ಬರುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಈಗ ಅವಳ ಅಂಗಾಲು ಹೇಳಿತು. ಕಾಲು ಒತ್ತಿಹಿಡಿದು, ಉಸಿರು ಕಟ್ಟಿ, ಮುಳುಗಿ, ಬಲೆಯ ಮೇಲಿನಿಂದಲೇ ಅದರ ತಲೆ ಹಿಡಿದಳು. ಎದ್ದಾಗ ನೀರು ಎದೆಗೆ ಬಂದಿತ್ತು. ಕೈಯಲ್ಲಿ ಮೊಳದುದ್ದದ ಕಾಣೆ ಇತ್ತು.

"ಸಾಕು, ದೋಣಿ ಹತ್ತು," ಎಂಬ ದನಿ ಬೆನ್ನ ಹಿಂದಿನಿಂದ ಕೇಳಿತು.

ಅಜ್ಜನೂ ಎರಡು ದೋಣಿಗಳೂ ಹತ್ತು ಮಾರು ದೂರದಲ್ಲಿದ್ದವು.

"ಯಾವಾಗ ಬಂದ್ರಿ?"

"ಹೋದವ ಆಗ್ಲೇ ಸುತ್ತಿ ಬಂದೆ. ಇಲ್ಲೇ ಇದ್ದೆ. ನೀ ನೋಡ್ಲಿಲ್ಲ. ಅದಕ್ಕೇ ಮೀನು ಸಿಕ್ತು."

ತುಳಸು ಹಿಡಿದ ಮೀನು ಬಿಡದೆ ದೋಣಿ ಹತ್ತಿದಳು. ಕೇಳಬೇಕಾದ ಪ್ರಶ್ನೆ ನಾಲಗೆಯ ತುದಿಗೆ ಬಂತು. ಜಾಗ ಕೈಗೆ ಬಂದ ಮೇಲೆಯೇ ಕೇಳುವುದು ಎಂದು ನುಂಗಿಕೊಂಡಳು.

ಸೀಗೆ ಹುಣ್ಣಿಮೆ ಬಂತು. ಮಧ್ಯಾಹ್ನ ಕಳೆದು ನೀರು ಇಳಿದಾಗ ಹನ್ನೊಂದು ದೋಣಿಗಳು ದಿಬ್ಬದ ಅಂಚಿಗೆ ಬಂದು ನಿಂತವು. ದಡದಲ್ಲಿ ಊರೇ ಇತ್ತು. ಜಟ್ಟಪ್ಪನನ್ನು ಮಂಚದ ಸಮೇತ ಹೊತ್ತು ತಂದಿದ್ದರು.

ತುಳಸು ಕಲ್ಲು ಇಳಿಬಿಟ್ಟಳು, ಇಳಿದಳು, ನಡೆದಳು. ಹಿಂದೆ ನೋಡಲಿಲ್ಲ. ಎಡಕ್ಕೆ ಒಂಬತ್ತು ಜನ, ಬಲಕ್ಕೆ ಬೊಮ್ಮಜ್ಜ. ಮೊದಲ ಗೂಟದ ಬಳಿ ನಿಂತಿದ್ದ ಊರ ಯಜಮಾನ ಕೈ ಎತ್ತಿ ಇಳಿಸಿದ. ಹನ್ನೊಂದು ಬಲೆಗಳು ಒಟ್ಟಿಗೆ ನೀರಿಗೆ ಬಿದ್ದವು.

ಉಳಿದವರು ಬಲೆಯ ಹಗ್ಗಕ್ಕೆ ಕೈ ಹಾಕಿದರು. ತುಳಸು ಕಾಲು ಹಾಕಿದಳು. ಮರಳು. ಚಿಪ್ಪು. ಮರಳು. ದಡದಲ್ಲಿ ಯಾರೋ ನಕ್ಕದ್ದು ಕೇಳಿಸಿತು. ಅವಳು ಇನ್ನೊಂದು ಹೆಜ್ಜೆ ಇಟ್ಟಳು. ಮತ್ತೂ ಒಂದು. ಆಮೇಲೆ ನಿಂತು, ಮುಳುಗಿ, ಎದ್ದಳು.

ಮೀನನ್ನು ತಲೆಯ ಮೇಲೆ ಎತ್ತಿ ಹಿಡಿದಳು. ಬಿಸಿಲಿಗೆ ಅದು ಬೆಳ್ಳಗೆ ಹೊಳೆಯಿತು.

"ಹತ್ತನೇ ಗೂಟ ಜಟ್ಟಪ್ಪನ ಮನೇದೇ," ಎಂದು ಯಜಮಾನ ದಡಕ್ಕೆ ಕೇಳುವ ಹಾಗೆ ಕೂಗಿದ.

ದಡದಲ್ಲಿ ಮಂಚದ ಮೇಲೆ ಒಂದು ಕೈ ಮೇಲೆದ್ದಿತು. ತುಳಸುವಿಗೆ ಕಣ್ಣು ತುಂಬಿತು. ಮೀನನ್ನು ಸೊಂಟದ ಚೀಲಕ್ಕೆ ಹಾಕಿ, ಬಲಕ್ಕೆ ತಿರುಗಿದಳು.

"ಅಜ್ಜಾ, ನಾ ಸೋತಿದ್ರೆ ಈ ಜಾಗ ನಿಮ್ಗೆ ಬತ್ತಿತ್ತು. ಗೊತ್ತಿದ್ದೂ ಯಾಕೆ ಕಲಿಸಿದ್ರಿ?"

ಬೊಮ್ಮಜ್ಜ ಮುಂದಿನ ಬೀಸಿಗೆ ಬಲೆಯನ್ನು ಮೊಣಕೈ ಮೇಲೆ ಹಾಕಿಕೊಳ್ಳುತ್ತಿದ್ದ. ಅವಳ ಕಡೆ ನೋಡಲಿಲ್ಲ.

"ನಂಗಿರೂದು ಎರಡೇ ಕಾಲು, ಎರಡು ಗೂಟಕ್ಕೆ ಒಟ್ಟಿಗೇ ನಿಲ್ಲೂಕೆ ಆಗೂದಿಲ್ಲ. ಎರಡು ವರ್ಷದಿಂದ ನನ್ನ ಬಲೆ ತಪ್ಪಿಸಿಕೊಂಡ ಮೀನೆಲ್ಲ ನಿಮ್ಮ ಖಾಲಿ ಜಾಗದಿಂದ್ಲೇ ಕಡಲಿಗೆ ಹೋಯ್ತು. ಮಾತು ಸಾಕು, ಬಲೆ ಎತ್ತು."